ಶಿಲುಬೆಯಿಂದ ಇಳಿಸಿದ ಮಗ ತಾಯಿಯ ಮಡಿಲಲ್ಲಿ: ಈ ಚಿತ್ರ ಬಂದದ್ದು ಎಲ್ಲಿಂದ?

ಪ್ರಶ್ನೆ (ವಿರಾಜಪೇಟೆಯಿಂದ):
ತೋಟದಲ್ಲಿ ಕಾಫಿ ಹೂ ಅರಳಿದ್ದ ವಾರದಲ್ಲೇ ಗುಡ್ ಫ್ರೈಡೇ ಬಂದಿತ್ತು. ನೆರೆಮನೆಯವರೊಂದಿಗೆ ಶಿಲುಬೆ ಹಾದಿಗೆ, ಅಂದರೆ ಯೇಸುವಿನ ಕೊನೆಯ ಪಯಣದ ಹದಿನಾಲ್ಕು ಘಟನೆಗಳನ್ನು ಒಂದೊಂದು ಸ್ಥಳದಲ್ಲಿ ನಿಂತು ನೆನೆದು ಪ್ರಾರ್ಥಿಸುವ ಆಚರಣೆಗೆ, ಹೋಗಿದ್ದೆ. ಹದಿಮೂರನೆಯ ಸ್ಥಳದಲ್ಲಿ, ಮಗನ ದೇಹವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಮಾತೆ ಮರಿಯಮ್ಮನ ಚಿತ್ರದ ಮುಂದೆ, ಅದುವರೆಗೆ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ ಹೆಂಗಸರ ದನಿ ತಗ್ಗಿತು. ನಾನು ಕ್ರೈಸ್ತನಲ್ಲ. ಮನೆಗೆ ಬಂದು ಬೈಬಲ್ಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕೂ ಸುವಾರ್ತೆಗಳಲ್ಲಿ ಹುಡುಕಿದರೂ ಈ ದೃಶ್ಯ ಸಿಗಲಿಲ್ಲ. ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ (ಮಡಿಕೇರಿಯಿಂದ):
ನಿಮ್ಮ ಹುಡುಕಾಟದಲ್ಲಿ ತಪ್ಪಿಲ್ಲ, ಅದು ಅಲ್ಲಿಲ್ಲ. ಯೊವಾನ್ನನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಆಕೆ ಶಿಲುಬೆಯ ಬಳಿ ನಿಂತಿದ್ದಾಳೆ, ಅತ್ತಳೆಂದೂ ಬರೆದಿಲ್ಲ. ದೇಹವನ್ನು ಇಳಿಸಿ ನಾರುಬಟ್ಟೆ ಸುತ್ತಿದವನು ಯೇಸುವಿನ ಶಿಷ್ಯನಾಗಿದ್ದ ಅರಿಮತಾಯದ ಜೋಸೆಫ. ಇಳಿಸಿದ್ದಕ್ಕೂ ಸಮಾಧಿಗೆ ಒಯ್ದದ್ದಕ್ಕೂ ನಡುವಿನ ಆ ಗಳಿಗೆಯನ್ನು ಸುಮಾರು 1300ರ ಹೊತ್ತಿಗೆ ಮರದಲ್ಲಿ ಕೆತ್ತಿ ನಿಲ್ಲಿಸಿದವರು ಜರ್ಮನ್ ಸೀಮೆಯ ಶಿಲ್ಪಿಗಳು. ಅವರ ಮರಿಯಮ್ಮನ ಮುಖ ಸಂಕಟಕ್ಕೆ ಕಿವುಚಿಹೋಗಿರುತ್ತದೆ, ಮಗನ ಪಕ್ಕೆಲುಬುಗಳನ್ನು ಎಣಿಸಬಹುದು. ಹೆತ್ತವಳ ಕೈಗೆ ಒಮ್ಮೆಯೂ ಕೊಡದೆ ಮಗನನ್ನು ಮಣ್ಣು ಮಾಡುವುದು ಆ ಭಕ್ತರ ಮನಸ್ಸಿಗೆ ಒಗ್ಗಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಉತ್ತರ (ಕುಶಾಲನಗರದಿಂದ):
ಚಿತ್ರಕಲೆ ಕಲಿಸುವವನಾಗಿ ಒಂದು ಮಾತು ಸೇರಿಸುತ್ತೇನೆ. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿರುವ ಮೈಕೆಲ್ಯಾಂಜೆಲೊನ ಅಮೃತಶಿಲೆಯ ಶಿಲ್ಪ (1499, ಎತ್ತರ 174 ಸೆಂ.ಮೀ.) ಇದಕ್ಕೆ ತೀರಾ ಭಿನ್ನ. ಬೆಳೆದ ಗಂಡಸಿನ ದೇಹ ಹೆಂಗಸಿನ ಮಡಿಲಲ್ಲಿ ಹಿಡಿಸುವುದಿಲ್ಲವಾದ್ದರಿಂದ ಆತ ತಾಯಿಯನ್ನು ಮಗನಿಗಿಂತ ಬಹಳ ದೊಡ್ಡವಳಾಗಿ ಕೆತ್ತಿ, ಆ ಗಾತ್ರವನ್ನು ಉಡುಪಿನ ನೆರಿಗೆಗಳಲ್ಲಿ ಮರೆಸಿದ್ದಾನೆ. ಅವಳ ಬಲಗೈಯನ್ನು ಗಮನಿಸಿ: ಮಗನ ಕಂಕುಳಡಿಯಲ್ಲಿ ಅದು ಬಟ್ಟೆಯ ಮೂಲಕ ಹಿಡಿದಿದೆ, ಮೈಯನ್ನು ನೇರವಾಗಿ ಮುಟ್ಟಿಲ್ಲ. ಎಡಗೈ ಬರಿದಾಗಿ, ಅಂಗೈ ಮೇಲಾಗಿ ತೆರೆದಿದೆ. ಮುಖದಲ್ಲಿ ಕಾಣದ ಅಳು ನನಗೆ ಆ ಅಂಗೈಯಲ್ಲಿ ಕಾಣುತ್ತದೆ.

ಉತ್ತರ (ಸಿದ್ದಾಪುರದಿಂದ):
ನಾವು ಆಕೆಯನ್ನು ವ್ಯಾಕುಲ ಮಾತೆ ಎನ್ನುತ್ತೇವೆ. ಹಬ್ಬ ಸೆಪ್ಟೆಂಬರ್ 15ರಂದು. ಹಸುಗೂಸನ್ನು ಎತ್ತಿಕೊಂಡಿದ್ದ ದಿನವೇ ಸಿಮೆಯೋನನೆಂಬ ದೈವಭಕ್ತನು ಆಕೆಗೆ ನಿನ್ನ ಪ್ರಾಣವನ್ನೂ ಅಲಗು ತಿವಿಯುವುದೆಂದಿದ್ದ. ಕೆಲವು ಚಿತ್ರಗಳಲ್ಲಿ ಎದೆಗೆ ಏಳು ಅಲಗು ನೆಟ್ಟಿರುವುದು ಆಕೆಯ ಏಳು ದುಃಖಗಳನ್ನು ಸೂಚಿಸಲು. ನನ್ನ ಅಜ್ಜಿ ಹತ್ತೊಂಬತ್ತು ವರ್ಷದ ಮಗನನ್ನು ಕಳೆದುಕೊಂಡಿದ್ದರು. ಉಳಿದ ಸ್ಥಳಗಳಲ್ಲೆಲ್ಲ ಮೊಣಕಾಲೂರುತ್ತಿದ್ದವರು ಹದಿಮೂರನೆಯದರಲ್ಲಿ ಮಾತ್ರ ಕಾಲು ಮಡಚಿ ನೆಲಕ್ಕೆ ಕುಳಿತು, ಸೆರಗನ್ನು ಮಡಿಲ ಮೇಲೆ ಹರಡಿಕೊಳ್ಳುತ್ತಿದ್ದರು. ಉಳಿದವರು ಮುಂದಿನ ಸ್ಥಳಕ್ಕೆ ಹೋದ ಮೇಲೂ ಅವರು ಅಲ್ಲೇ ಇರುತ್ತಿದ್ದರು.