ರೋಗ್ಲಿಚ್ ಟೂರ್ ಕಳಕೊಂಡಿದ್ದು ಎಲ್ಲಿ?

ತೀರ್ಥಹಳ್ಳಿಯಿಂದ ಪ್ರಶ್ನೆ: 2020ರ ಸೈಕಲ್ ರೇಸ್ ಟೂರ್ ದ ಫ್ರಾನ್ಸ್‌ನ 20ನೇ ಹಂತಕ್ಕೆ ಮುಂಚೆ ಸ್ಲೊವೇನಿಯಾದ ಸೈಕ್ಲಿಸ್ಟ್ ರೋಗ್ಲಿಚ್ 57 ಸೆಕೆಂಡ್ ಮುಂದಿದ್ದ. ಕೊನೆಗೆ ಎದುರಾಳಿ ಪೊಗಾಚರ್ 59 ಸೆಕೆಂಡಿನಿಂದ ಗೆದ್ದ. ಆ ಹಂತದ ನಡುವೆ ರೋಗ್ಲಿಚ್ ಸೈಕಲ್ ಬದಲಿಸಿದ್ದೇ ಮುಳುವಾಯ್ತಾ?

ಸಾಗರ: ಇಲ್ಲ ಮಾರಾಯ್ರೆ. ಬದಲಿಸೋದಕ್ಕೆ ಹೋಗೋದು ಕೆಲವೇ ಸೆಕೆಂಡ್. ಆ 36.2 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಹಂತ) ರೋಗ್ಲಿಚ್ ಪೊಗಾಚರ್ ಎದುರು ಕಳಕೊಂಡಿದ್ದು 1 ನಿಮಿಷ 56 ಸೆಕೆಂಡ್! ಏರು ಶುರುವಾಗುವ ಮೊದಲೇ ಹಿಂದೆ ಬಿದ್ದಿದ್ದ. ಕೊನೇ ಸುಮಾರು 6 ಕಿ.ಮೀ. ಏರಲ್ಲಿ ಹೆಲ್ಮೆಟ್ ಓರೆಯಾಗಿತ್ತು, ಪೆಡಲ್‌ನ ಲಯವೂ ಮುರಿದಿತ್ತು.

ಶಿವಮೊಗ್ಗ: ನನ್ನ ಪ್ರಕಾರ ತಪ್ಪು ಆಗಿದ್ದು ಎರಡು ವಾರ ಮೊದಲೇ. 7ನೇ ಹಂತದ ಅಡ್ಡಗಾಳಿಯಲ್ಲಿ ಪೊಗಾಚರ್ 1 ನಿಮಿಷ 21 ಸೆಕೆಂಡ್ ಕಳಕೊಂಡಿದ್ದ. ಮರುದಿನ ಪೆರಸೂರ್ದ್ ಏರಲ್ಲಿ ಸುಮಾರು 40 ಸೆಕೆಂಡ್ ವಾಪಸ್ ತಗೊಳ್ಳೋಕೆ ರೋಗ್ಲಿಚ್ ಕಡೆಯವರು ಬಿಟ್ಟರು. ಅಂಥವನನ್ನ ಹಾಗೆ ಬಿಡಬಾರದಿತ್ತು.

ಸಾಗರ: ಅದು ಹೌದು. ಆದರೆ 2023ರ ಜಿರೋದಲ್ಲಿ (ಇಟಲಿಯ ದೊಡ್ಡ ಸೈಕಲ್ ರೇಸ್) ಏರಿನ ಮಧ್ಯೆ ಚೈನ್ ಬಿದ್ದರೂ ರೋಗ್ಲಿಚ್ 14 ಸೆಕೆಂಡಿನಿಂದ ಗೆದ್ದ, ಮರೀಬೇಡಿ. ಆಗುಂಬೆ ಘಾಟಿ ಹತ್ತುವವರಿಗೂ ಇದು ಅನ್ವಯ: ಹೇರ್‌ಪಿನ್ ತಿರುವಿಗೆ ಮುಂಚೆಯೇ, ಪೆಡಲ್ ಹಗುರ ಮಾಡಿ ಗೇರ್ ಇಳಿಸಿ. ತಿರುವಿನೊಳಗೆ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನ್ ಒಳಗಡೆ ಜಾರುತ್ತೆ. ಮುಂದಿನ ಡಿರೇಲರ್‌ನ (ಚೈನ್ ಸರಿಸಿ ಗೇರ್ ಬದಲಿಸುವ ಭಾಗ) ಎಲ್ ಸ್ಕ್ರೂ, ಅಂದರೆ ಅದು ತೀರಾ ಒಳಗೆ ಸರಿಯದಂತೆ ತಡೆಯುವ ತಿರುಪು, ಸಡಿಲವಿದ್ದರಂತೂ ಖಂಡಿತ.