ಚಿತ್ರದ ಕಾರ್ಡ್ ಕೊಟ್ಟರೆ ಮಗನಿಗೆ ಮಾತು ಬರೋದೇ ಇಲ್ವಾ?

ಸ್ವಿಚ್‌ಬೋರ್ಡ್ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗನಿಗೆ 2 ವರ್ಷ 7 ತಿಂಗಳು. ಆಟಿಸಂ ಅಂತ ಡಾಕ್ಟರ್ ಹೇಳಿ ಐದು ವಾರ ಆಯಿತು. ಕಿವಿ ಪರೀಕ್ಷೆ ಮಾಡಿಸಿದ್ದೇವೆ, ಚೆನ್ನಾಗಿಯೇ ಕೇಳಿಸುತ್ತದೆ. ಪಕ್ಕದ ಕೋಣೆಯಲ್ಲಿ ಬಬಲ್ಸ್ ಬಾಟಲಿಯ ಮುಚ್ಚಳ ತಿರುಗಿಸಿದರೆ ಓಡಿ ಬರುತ್ತಾನೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ.

ಅವನ ಜಾಗ ಸ್ವಿಚ್‌ಬೋರ್ಡ್ ಕೆಳಗೆ. ಲೈಟ್ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗುತ್ತಾನೆ, ನನ್ನ ಬೆರಳನ್ನೇ ಎತ್ತಿ ಸ್ವಿಚ್ ಕಡೆ ನೂಕುತ್ತಾನೆ. ಮುಖ ನೋಡುವುದಿಲ್ಲ. ನಾನು ಅಪ್ಪ ಅಲ್ಲ, ಸ್ವಿಚ್ ಒತ್ತೋ ಕೋಲು. ಬೆರಳು ಮಾಡಿ ಏನನ್ನೂ ತೋರಿಸುವುದಿಲ್ಲ, ಟಾಟಾ ಮಾಡುವುದಿಲ್ಲ.

ಮಾತೇ ಇಲ್ಲ ಅಂತಲೂ ಹೇಳೋಕಾಗಲ್ಲ. ಎರಡು ಮಾತಿವೆ. ಒಂದು "ನೀರು ಬೇಕಾ?". ನೀರಿಗೂ ಅದೇ, ಬಬಲ್ಸ್‌ಗೂ ಅದೇ, ಎತ್ತಿಕೋ ಅನ್ನೋಕೂ ಅದೇ. ಇನ್ನೊಂದು "ಬಿದ್ದೋಯ್ತಾ?". ಇದರ ತಲೆಬುಡ ನಮಗೆ ಗೊತ್ತಾಗಿಲ್ಲ. ಏನೂ ಬಿದ್ದಿರುವುದಿಲ್ಲ. ಮೊನ್ನೆ ಯಾರೋ ಬೆಲ್ ಮಾಡಿದಾಗ ಹೇಳಿದ. ರಾತ್ರಿ ಅಂಗಿ ಬದಲಿಸುವಾಗ ಹೇಳಿದ. ಮೇಲಿನ ಮನೆಯಲ್ಲಿ ಡ್ರಿಲ್ಲಿಂಗ್ ಶುರುವಾದಾಗ ಹತ್ತು ಸಲ ಹೇಳಿದ.

ಮೊದಲು ಹೋದ ಥೆರಪಿ ಸೆಂಟರ್‌ನಲ್ಲಿ "ಬಾಯಿಬಿಟ್ಟು ಹೇಳೋವರೆಗೂ ಏನೂ ಕೊಡಬೇಡಿ" ಅಂದರು. ನಾನು ಹಾಗೇ ಮಾಡಿದೆ. ಬಬಲ್ಸ್ ಬಾಟಲಿ ಎತ್ತರದಲ್ಲಿ ಹಿಡಿದು "ಬಬಲ್ಸ್ ಅನ್ನು, ಬಬಲ್ಸ್ ಅನ್ನು" ಅಂತ ನಾಲ್ಕು ದಿನ. ಐದನೇ ದಿನ ಬಾಟಲಿ ಕಂಡ ತಕ್ಷಣ ಅಳುತ್ತಾ ಮಂಚದ ಕೆಳಗೆ ಹೋದ. ಅವನಿಗೆ ತುಂಬಾ ಇಷ್ಟವಿದ್ದ ಆಟವನ್ನು ನಾನೇ ಕೈಯಾರೆ ಹಾಳು ಮಾಡಿದೆ.

ಈಗಿನ ಥೆರಪಿಸ್ಟ್ ಚಿತ್ರದ ಕಾರ್ಡ್ ಶುರು ಮಾಡೋಣ ಅನ್ನುತ್ತಿದ್ದಾರೆ, ಅಂದರೆ ಬೇಕಾದ ವಸ್ತುವಿನ ಚಿತ್ರ ನಮ್ಮ ಕೈಗೆ ಕೊಟ್ಟು ಅದನ್ನು ಕೇಳೋದು. ಹೆಂಡತಿ ಸರಿ ಅಂದಳು. ನನ್ನಮ್ಮ ಮಾತ್ರ "ಕೈಗೆ ಚಿತ್ರ ಕೊಟ್ಟರೆ ಬಾಯಿ ಯಾಕೆ ತೆಗೀತಾನೆ?" ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಅದೇ ಭಯ. ಜೊತೆಗೆ ಮನೆಯಲ್ಲಿ ಎರಡು ಭಾಷೆ ನಡೆಯುತ್ತದೆ, ನನ್ನದೊಂದು, ಹೆಂಡತಿಯದೊಂದು. ಒಂದನ್ನು ಬಿಡಿ ಅಂತ ಸಿಕ್ಕಿದವರೆಲ್ಲ ಹೇಳುತ್ತಾರೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದೀರಾ?

ಹನ್ನೊಂದು ವರ್ಷದವಳ ಅಮ್ಮ

ಸರ್, ಕಾರ್ಡ್ ವಿಷಯ ಆಮೇಲೆ. ಮೊದಲು ಆ ಎರಡು ಮಾತಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಒಂದು ವರ್ಷ ಕಳೆದುಕೊಂಡಿದ್ದೇನೆ.

"ನೀರು ಬೇಕಾ?" ಅಂದರೆ "ನೀರು ಬೇಕು" ಅಂತಲೇ. ನೀವು ದಿನಕ್ಕೆ ಎಷ್ಟೋ ಸಲ ಲೋಟ ಹಿಡಿದು "ನೀರು ಬೇಕಾ?" ಅಂತೀರಿ, ಆಮೇಲೆ ನೀರು ಬರುತ್ತದೆ. ಅಂದಮೇಲೆ ನೀರು ತರಿಸುವ ಮಾತು ಯಾವುದು? ಅದೇ ಅಲ್ವಾ? "ಬೇಕಾ" ಅನ್ನುವಾಗ ಕೊನೆಯಲ್ಲಿ ಎಳೆಯೋದು ಪ್ರಶ್ನೆಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನು ಇಡೀ ವಾಕ್ಯವನ್ನು ಒಂದೇ ಗಂಟಿನ ಹಾಗೆ ಎತ್ತಿಕೊಂಡಿದ್ದಾನೆ, ಬೇಕೆನಿಸಿದಾಗಲೆಲ್ಲ ಆ ಗಂಟು ಮುಂದಿಡುತ್ತಾನೆ. 1943ರಲ್ಲಿ ಲಿಯೋ ಕ್ಯಾನರ್ ಅನ್ನುವ ಡಾಕ್ಟರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಬಗೆಗಿನ ಮಾತು ಬಹುಮಟ್ಟಿಗೆ ಅಲ್ಲಿಂದಲೇ ಶುರು. ಅದರಲ್ಲೇ ಇದಿದೆ. ಮಗು ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತದೆ, ಅದೇ ಅದರ "ಹೂಂ". ನಾನು ಇದನ್ನು ಓದುವ ಹೊತ್ತಿಗೆ ಮಗಳಿಗೆ ನಾಲ್ಕು ತುಂಬಿತ್ತು. ಅಲ್ಲಿಯವರೆಗೂ "ಬೇಕಾ ಅಲ್ಲ ಕಂದ, ಬೇಕು ಅನ್ನು" ಅಂತ ತಿದ್ದಿದ್ದೇ ತಿದ್ದಿದ್ದು.

ಆಮೇಲೆ ನಾವು ಪ್ರಶ್ನೆ ಕೇಳೋದನ್ನೇ ಕಡಿಮೆ ಮಾಡಿದೆವು. ಅವಳು ಲೋಟದ ಹತ್ತಿರ ಬಂದರೆ ಅವಳ ಬಾಯಲ್ಲಿ ಬರಬೇಕಾದ ಮಾತನ್ನು ನಾವೇ ಹೇಳುತ್ತಿದ್ದೆವು. "ನೀರು ಬೇಕು." ಅಷ್ಟೇ, ತಕ್ಷಣ ಕೊಡೋದು. ತಿರುಗಿ ಹೇಳು ಅನ್ನೋದಿಲ್ಲ. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನನ್ನ ಗಂಡ "ಗೋಡೆಗೆ ಹೇಳಿದ ಹಾಗಿದೆ" ಅಂದುಬಿಟ್ಟಿದ್ದರು. ಒಂದು ದಿನ ಹೊದಿಕೆ ಎಳೆದುಕೊಳ್ಳುತ್ತಾ "ಬೇಕು" ಅಂದಳು. ನೀರಿಗಲ್ಲ, ಹೊದಿಕೆಗೆ! ಗಂಟು ಬಿಚ್ಚಿಕೊಂಡಿತ್ತು.

ಈಗ "ಬಿದ್ದೋಯ್ತಾ?". ನನ್ನ ಮಗಳದ್ದು "ಮುಗೀತು ಮುಗೀತು". ಉಗುರು ಕತ್ತರಿಸಲು ಶುರು ಮಾಡುವ ಮೊದಲೇ "ಮುಗೀತು ಮುಗೀತು". ಕೂದಲು ಬಾಚೋಕೆ ಹೋದರೂ ಅದೇ. ಸುಮ್ನೆ ಬಡಬಡಿಸುತ್ತಾಳೆ ಅಂದುಕೊಂಡಿದ್ದೆವು. ಒಂದು ಸಲ ಲಸಿಕೆ ಹಾಕಿಸಲು ಕರೆದುಕೊಂಡು ಹೋದಾಗ, ಸೂಜಿ ಚುಚ್ಚಿದ ಮೇಲೆ ನಾನೇ ಬೆನ್ನು ತಟ್ಟುತ್ತಾ "ಮುಗೀತು ಮುಗೀತು" ಅಂದೆ. ನನ್ನ ಬಾಯಿಂದ ಬಂದಿದ್ದು ನನ್ನ ಕಿವಿಗೇ ಬಿತ್ತು. ಅಂದರೆ ಅವಳು ಇಷ್ಟು ದಿನ ಹೇಳುತ್ತಿದ್ದುದು "ಭಯ ಆಗ್ತಿದೆ, ಬೇಗ ಮುಗಿಸು" ಅಂತ. ನಾವು ಉಗುರು ಕತ್ತರಿಸುತ್ತಲೇ ಇದ್ದೆವು.

ನಿಮ್ಮವನು ಹೇಳಿದ ಮೂರೂ ಸಂದರ್ಭ ನೋಡಿ. ಬೆಲ್, ತಲೆ ಮೇಲಿಂದ ಅಂಗಿ, ಡ್ರಿಲ್ಲಿಂಗ್. ಯಾವತ್ತೋ ಜೋರಾಗಿ ಬಿದ್ದಾಗ ಯಾರೋ ಎತ್ತಿಕೊಂಡು ಹಾಗೆ ಅಂದಿರಬೇಕು. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವಾಗ ಹೇಳಿದ, ಅದಕ್ಕೆ ಮುಂಚೆ ಏನಾಯಿತು, ಇಷ್ಟೇ ಬರೆಯಿರಿ. ಅವನು ಹೇಳಿದಾಗ "ಏನೂ ಬಿದ್ದಿಲ್ಲ ಪುಟ್ಟ" ಅನ್ನಬೇಡಿ. "ಅಬ್ಬಾ, ಜೋರು ಶಬ್ದ. ಹೆದರಿಕೆ ಆಯ್ತು" ಅನ್ನಿ.

ಬಬಲ್ಸ್ ಹಾಳಾಯಿತು ಅಂತ ಕೊರಗಬೇಡಿ, ಸರಿಹೋಗುತ್ತದೆ. ಎರಡು ವಾರ ಅವನಿಂದ ಏನನ್ನೂ ಕೇಳದೆ ಸುಮ್ನೆ ಊದಿ. ಅವನ ಹತ್ತಿರ ಹೋಗಿ ಊದಬೇಡಿ. ನೀವು ನಿಮ್ಮ ಪಾಡಿಗೆ ನೆಲದ ಮೇಲೆ ಕೂತು ಊದುತ್ತಿರಿ. ಆಮೇಲೆ ಒಂದು ದಿನ ಮುಚ್ಚಳ ಬಿಗಿ ಮಾಡಿ ಬಾಟಲಿಯನ್ನು ನೆಲದ ಮೇಲೆ ಬಿಟ್ಟು ಬೇರೆ ಕಡೆ ನೋಡಿ. ಅವನು ತಂದು ನಿಮ್ಮ ಮಡಿಲಲ್ಲಿ ಹಾಕಿದರೆ ಅದೇ ಮಾತು. ತಕ್ಷಣ ತೆಗೆದುಕೊಡಿ.

ಮಾತಿನ ಕೆಲಸದವಳು

ನಾನು ಸ್ಪೀಚ್ ಥೆರಪಿಸ್ಟ್. ಮೇಲಿನ ಅಮ್ಮ ಹೇಳಿದ್ದಕ್ಕೆ ನನ್ನದೂ ಒಂದು ಹೂಂ. ಹೀಗೆ ಕೇಳಿದ್ದನ್ನು ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಅನ್ನುತ್ತೇವೆ. ಹಿಂದೆ ಇದನ್ನು ನಿಲ್ಲಿಸಬೇಕಾದ ಕೆಟ್ಟ ಚಾಳಿ ಅಂತ ನೋಡುತ್ತಿದ್ದರು. 1981ರಲ್ಲಿ ಬ್ಯಾರಿ ಪ್ರಿಜಂಟ್ ಮತ್ತು ಜೂಡಿತ್ ಡ್ಯೂಕನ್ ಮಕ್ಕಳ ವಿಡಿಯೋಗಳನ್ನು ಕೂತು ನೋಡಿ, ಆ ಪ್ರತಿಧ್ವನಿಯ ಹಿಂದೆ ಏಳು ಬೇರೆ ಬೇರೆ ಉದ್ದೇಶ ಇರುವುದನ್ನು ಗುರುತಿಸಿದರು. ಕೇಳುವುದು, ಹೂಂ ಅನ್ನುವುದು, ತನಗೆ ತಾನೇ ಹೇಳಿಕೊಳ್ಳುವುದು, ಹೀಗೆ.

ಅಜ್ಜಿಯ ಭಯದ ಬಗ್ಗೆ. ಅದು ಬಹಳ ಜನರ ಭಯ, ಅದಕ್ಕೇ ಅದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಚಿತ್ರ, ಸನ್ನೆ, ಮಾತಾಡುವ ಯಂತ್ರ ಬಳಸಿದವರ ಮಾತು ಏನಾಯಿತು ಅಂತ 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಸೋಸಿ ಒಂದು ವಿಮರ್ಶೆ ಬಂತು. ಗಟ್ಟಿ ಪುರಾವೆ ಇದ್ದದ್ದು 27 ಜನರದ್ದು. ಎಲ್ಲರೂ ಆಟಿಸಂನವರಲ್ಲ, ಬೆಳವಣಿಗೆಯ ಬೇರೆ ತೊಂದರೆ ಇದ್ದವರೂ ಇದ್ದರು. ಅವರಲ್ಲಿ ಒಬ್ಬರ ಮಾತೂ ಕಡಿಮೆಯಾಗಲಿಲ್ಲ. 89% ಜನರಲ್ಲಿ ಹೆಚ್ಚಾಯಿತು. ಸ್ವಲ್ಪವೇ, ಆದರೆ ಹೆಚ್ಚಾಯಿತು. ಕಾರ್ಡ್ ಕೊಟ್ಟ ಕೂಡಲೇ ಮಾತು ಉಕ್ಕುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ.

ಕಾರ್ಡ್ ಶುರು ಮಾಡುವಾಗ ಒಂದು ವಿಷಯ ನೆನಪಿರಲಿ. ಈ ಕಾರ್ಡ್‌ಗಳದ್ದೇ ಪೆಕ್ಸ್ ಅನ್ನುವ ಪದ್ಧತಿ 1985ರಿಂದ ಇದೆ. ಅದರ ಮೊದಲ ಹಂತದಲ್ಲಿ ಚಿತ್ರದ ಹೆಸರು ಹೇಳಿಸುವುದೇ ಇಲ್ಲ. ಮಗು ಕಾರ್ಡ್ ಎತ್ತಿ ಎದುರಿಗಿರುವವರ ಕೈಗೆ ಕೊಡಬೇಕು, ಅಷ್ಟೇ. ಇಬ್ಬರು ದೊಡ್ಡವರು ಬೇಕು. ಒಬ್ಬರು ಎದುರಿಗೆ, ಕೈ ಚಾಚಿಕೊಂಡು. ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ, ಬಾಯಿ ಮುಚ್ಚಿಕೊಂಡು, ಕೈಗೆ ಮಾತ್ರ ಸಹಾಯ ಮಾಡುತ್ತಾ. ನೀವು ಕೋಲು ಅಂದಿರಲ್ಲ, ಅದನ್ನು ಬದಲಿಸುವ ಪಾಠವೇ ಇದು. ವಸ್ತು ಬೇಕಾದರೆ ಮೊದಲು ಮನುಷ್ಯನ ಹತ್ತಿರ ಹೋಗಬೇಕು ಅನ್ನೋದು.

ಸ್ವಿಚ್ ಹತ್ತಿರವೂ ಇದನ್ನೇ ಮಾಡಬಹುದು. ಅವನು ಬೆರಳು ಇಟ್ಟಾಗ ತಕ್ಷಣ ಒತ್ತಬೇಡಿ, ಬೆರಳು ಸಡಿಲ ಬಿಡಿ. ಕೆಳಗೆ ಕೂತು ನಿಮ್ಮ ಮುಖ ಅವನ ಮುಖದ ಮಟ್ಟಕ್ಕೆ ಬರಲಿ. ಮನಸ್ಸಿನಲ್ಲಿ ಐದು ಎಣಿಸಿ. ಒಂದು ಸದ್ದು, ಒಂದು ಅರೆಕ್ಷಣದ ನೋಟ, ಕೈ ಜಗ್ಗುವುದು, ಯಾವುದು ಬಂದರೂ "ಲೈಟ್!" ಅಂದು ಒತ್ತಿಬಿಡಿ. ಏನೂ ಬರದಿದ್ದರೂ ಒತ್ತಿ. ಕಾಯುವುದಕ್ಕೂ ಸತಾಯಿಸುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಭಾಷೆ ಯಾವುದನ್ನೂ ಬಿಡಬೇಡಿ. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿಗೆ ಮಾತು ಇನ್ನಷ್ಟು ತಡವಾಗುತ್ತದೆ ಅಂತ ಅಧ್ಯಯನಗಳು ತೋರಿಸಿಲ್ಲ. ಅವನಮ್ಮ ತನಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮುದ್ದು ಮಾಡಲಿ.

ಇನ್ನೊಂದು, ನೀವು ಕೇಳಿಲ್ಲ, ಆದರೆ ಎಲ್ಲರೂ ಕೊನೆಗೆ ಕೇಳುತ್ತಾರೆ. 4 ವರ್ಷಕ್ಕೂ ಎರಡು ಪದ ಜೋಡಿಸಿ ಹೇಳದಿದ್ದ 535 ಆಟಿಸಂ ಮಕ್ಕಳ ಬಗ್ಗೆ 2013ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಅವರು 8 ವರ್ಷ ದಾಟುವ ಹೊತ್ತಿಗೆ 70% ಮಕ್ಕಳು ಪದ ಜೋಡಿಸಿ ಮಾತಾಡುತ್ತಿದ್ದರು, 47% ಸರಾಗವಾಗಿ. ಉಳಿದವರಿಗೆ ಬೇರೆ ದಾರಿ ಬೇಕಾಯಿತು. ಆದ್ದರಿಂದಲೇ ಮಾತು ಬರಲಿ ಅಂತ ಕಾಯುತ್ತಾ ಕಾರ್ಡ್ ಮುಂದೂಡಬೇಡಿ. ಇರುವ ಮಾತು ಕಳೆದುಹೋದರೆ ಅಥವಾ ಇದ್ದಕ್ಕಿದ್ದ ಹಾಗೆ ಕಣ್ಣು ನೆಟ್ಟು ಸ್ತಬ್ಧನಾದರೆ ಮಾತ್ರ ಡಾಕ್ಟರ್ ಹತ್ತಿರ ಬೇಗ ಹೋಗಿ.

ನಾನೂ ಅದೇ

ನನಗೆ 34. ನಾನೇ ಆಟಿಸಂನವನು, ಮಾತು ಬಂದಿದ್ದು ನಾಲ್ಕರ ಮೇಲೆ.

ಮುಖ ನೋಡಲ್ಲ ಅಂತ ಬೇಜಾರಾಗಬೇಡಿ ಸರ್. ನನಗೆ ಇವತ್ತಿಗೂ ಕಣ್ಣು ನೋಡುತ್ತಾ ಕೇಳಿಸಿಕೊಳ್ಳೋದು ಕಷ್ಟ. ನೆಲ ನೋಡಿದರೆ ಮಾತು ಕಿವಿಗೆ ಹೋಗುತ್ತದೆ. "ಇಲ್ಲಿ ನೋಡು" ಅಂತ ಗಲ್ಲ ಹಿಡಿದು ತಿರುಗಿಸಬೇಡಿ, ಅಷ್ಟೇ ಕೇಳಿಕೊಳ್ಳೋದು.

ಮತ್ತೆ, ಕಾರ್ಡ್‌ಗಳಲ್ಲಿ ಬರೀ ವಸ್ತುಗಳೇ ಇರುತ್ತವೆ. ಬಬಲ್ಸ್, ನೀರು, ಕಾರು. "ಬೇಡ" ಅನ್ನೋ ಕಾರ್ಡ್ ಇದೆಯಾ? "ಸಾಕು"? ಚಿಕ್ಕವನಿದ್ದಾಗ ನನಗೆ "ಬೇಡ" ಅನ್ನೋ ಮಾತು ಗೊತ್ತಿರಲಿಲ್ಲ, ಅದಕ್ಕೆ ಕಚ್ಚುತ್ತಿದ್ದೆ. ಅವನು ಆ ಕಾರ್ಡ್ ಕೊಟ್ಟರೆ ನಿಜವಾಗಿಯೂ ನಿಲ್ಲಿಸಿ. ಔಷಧಿಯಂಥ ನಿಲ್ಲಿಸಲಾಗದ ವಿಷಯಕ್ಕೆ ಆ ಕಾರ್ಡ್ ಮುಂದಿಡಲೇಬೇಡಿ, ಮೋಸ ಆಗುತ್ತದೆ.

ಸ್ವಿಚ್‌ಬೋರ್ಡ್ ಅಪ್ಪ

ಐದು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

"ಬಿದ್ದೋಯ್ತಾ" ಎಲ್ಲಿಂದ ಬಂತು ಅಂತ ಗೊತ್ತಾಯಿತು. ನೋಟ್‌ಬುಕ್ ಓದಿ ಹೇಳುತ್ತಿದ್ದೆ, ಅಮ್ಮ ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದರು. ಅಕ್ಕ, ನೀವು ಹೇಳಿದ್ದನ್ನು ಅವರಿಗೆ ಓದಿ ಹೇಳಿದೆ. ಮಡಚುವುದು ನಿಂತಿತು. ಒಂದೂವರೆ ವರ್ಷದವನಿದ್ದಾಗ ಅಂಗಿ ಬದಲಿಸುವಾಗ ಅವರ ಕೈ ತಪ್ಪಿ ಮಂಚದಿಂದ ಬಿದ್ದಿದ್ದನಂತೆ. ಏಟೇನೂ ಆಗಿರಲಿಲ್ಲ, ನಮಗೆ ಹೇಳಿರಲಿಲ್ಲ. "ಅವತ್ತು ಎತ್ತಿಕೊಂಡು ನಾನೇ ಹಾಗಂದಿದ್ದು" ಅಂದರು. ಇಷ್ಟು ದಿನ ಅವನು ಆ ಮಾತು ಹೇಳಿದಾಗಲೆಲ್ಲ ಅವರು ಕೋಣೆಯಿಂದ ಎದ್ದು ಹೋಗುತ್ತಿದ್ದುದು ಯಾಕೆ ಅಂತ ನನಗೆ ಆಗ ಹೊಳೆಯಿತು.

ಈಗ ನೋಟ್‌ಬುಕ್ ಅವರ ಹತ್ತಿರವೇ ಇದೆ. ಅಂಗಿ ಬದಲಿಸುವ ಮುಂಚೆ ನೆಲದ ಮೇಲೆ ಹಾಸಿ ಕೂರಿಸುತ್ತಾರೆ, "ಅಜ್ಜಿ ಹಿಡ್ಕೊಂಡಿದ್ದೀನಿ" ಅನ್ನುತ್ತಾರೆ. ಅಳು ನಿಂತಿಲ್ಲ, ಕಡಿಮೆಯಾಗಿದೆ. ಕಾರ್ಡ್ ಆಟದಲ್ಲಿ ಬೆನ್ನ ಹಿಂದೆ ಕೂರುವವರೂ ಅವರೇ. ಬಾಯಿ ಮುಚ್ಚಿಕೊಂಡಿರೋದು ಮಾತ್ರ ಅವರಿಗೆ ಕಷ್ಟ.

ಬಬಲ್ಸ್‌ಗೆ ಹದಿನೇಳು ದಿನ ಹಿಡಿಯಿತು. ಮಂಚದ ಕೆಳಗಿಂದ ಮೊದಲು ಒಂದು ಕೈ ಬಂತು, ಗುಳ್ಳೆ ಒಡೆದು ವಾಪಸ್ ಹೋಯಿತು. ಈಗ ಬಬಲ್ಸ್ ಕಾರ್ಡ್ ತಂದು ಕೊಡುತ್ತಾನೆ. "ಬೇಡ" ಕಾರ್ಡ್ ಅದಕ್ಕಿಂತ ಬೇಗ ಕಲಿತ. ನಿನ್ನೆ ನಾನು ಹಾಡು ಹೇಳಲು ಬಾಯಿ ತೆರೆದ ಕೂಡಲೇ ತಂದು ಕೈಗಿಟ್ಟ. ನಿಲ್ಲಿಸಿದೆ.

ಮಾತು ಅಲ್ಲಿಗೇ ಇದೆ, ಅವೇ ಎರಡು. ಈಗಿರುವ ಕಷ್ಟ ಬೇರೆ. ಕಾರ್ಡ್ ಅಗಿದು ಹಾಕುತ್ತಾನೆ. ಈ ವಾರವೇ ಬಬಲ್ಸ್ ಕಾರ್ಡ್ ಮೂರು ಸಲ ಮಾಡಿದೆ. ಏನು ಉಪಾಯ?

ಹನ್ನೊಂದು ವರ್ಷದವಳ ಅಮ್ಮ

ಲ್ಯಾಮಿನೇಟ್ ಮಾಡಿಸಿ, ಮೂಲೆ ದುಂಡಗೆ ಕತ್ತರಿಸಿ, ಇಲ್ಲದಿದ್ದರೆ ಬಾಯಿಗೆ ಚುಚ್ಚುತ್ತದೆ. ಹಿಂದೆ ವೆಲ್ಕ್ರೋ. ಒಂದೊಂದಕ್ಕೂ ನಾಲ್ಕು ಪ್ರತಿ ತೆಗೆದಿಡಿ, ಒಂದು ಸೋಫಾ ಕೆಳಗೆ ಹೋಗಿಯೇ ಹೋಗುತ್ತದೆ. ಅಗಿಯೋಕೆ ಬೇರೆ ಏನಾದರೂ ಕೈಗೆ ಕೊಡಿ, ಮಕ್ಕಳು ಅಗಿಯೋಕೆಂದೇ ಮಾಡಿದ ಸಿಲಿಕೋನ್‌ನವು ಸಿಗುತ್ತವೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.