2009ರ ನೆರೆಗೆ ಹವಾಮಾನ ಬದಲಾವಣೆಯೇ ಕಾರಣವೆನ್ನಬಹುದೇ?

ಪ್ರಶ್ನೆ (ಸಿರುಗುಪ್ಪ ತಾಲ್ಲೂಕಿನಿಂದ):
ನಮ್ಮದು ತುಂಗಭದ್ರೆಯ ದಂಡೆಯ ಊರು. 2009ರ ಅಕ್ಟೋಬರ್ ಮೊದಲ ವಾರ ಹೊಳೆಯ ನೀರು ಊರೊಳಗೆ ನುಗ್ಗಿದಾಗ ನಮ್ಮ ಮನೆಯ ಮಣ್ಣಿನ ಗೋಡೆ ರಾತ್ರೋರಾತ್ರಿ ಕುಸಿಯಿತು; ಹಗೇವಿನಲ್ಲಿದ್ದ ಜೋಳ ನೆನೆದು ಹುಳಿತ ವಾಸನೆ ಇಂದಿಗೂ ನೆನಪಿದೆ. ಈಗ ಮಳೆ ಹೆಚ್ಚಾದಾಗಲೆಲ್ಲ ಹವಾಮಾನ ಬದಲಾವಣೆಯ ಮಾತು ಬರುತ್ತದೆ. ಅಂದಿನ ನೆರೆಯನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ರಾಯಚೂರು, ಭೂಗೋಳ ಉಪನ್ಯಾಸಕ):
ಸರ್, ಒಂದೇ ನೆರೆಯನ್ನು ಹಿಡಿದು ಹೌದು ಅಥವಾ ಅಲ್ಲ ಎಂದುಬಿಡುವುದು ಕಷ್ಟ. ಆ ವರ್ಷ ಮುಂಗಾರು ದೇಶಾದ್ಯಂತ ಕೈಕೊಟ್ಟು, ವಾಡಿಕೆಗಿಂತ ಶೇ. 20ಕ್ಕೂ ಹೆಚ್ಚು ಮಳೆ ಕೊರತೆಯಾಗಿತ್ತು. ಅದರ ಬೆನ್ನಿಗೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಕೃಷ್ಣಾ, ತುಂಗಭದ್ರಾ ಕಣಿವೆಗಳಲ್ಲಿ ಕೆಲವೇ ದಿನ ಭಾರಿ ಮಳೆ ಸುರಿದು, ನಮ್ಮ ಜಿಲ್ಲೆಗಳಷ್ಟೇ ಅಲ್ಲದೆ ಮಂತ್ರಾಲಯ, ಕರ್ನೂಲುಗಳೂ ಮುಳುಗಿದವು. ಒಂದೇ ವರ್ಷದಲ್ಲಿ ಬರವನ್ನೂ ನೆರೆಯನ್ನೂ ಉಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾಯುಭಾರ ಕುಸಿತ ಹಿಂದೆಯೂ ಆಗುತ್ತಿತ್ತು. ಆದರೆ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವಾಂಶವನ್ನು ಹಿಡಿದುಕೊಳ್ಳಬಲ್ಲದು, ಮತ್ತು ಭೂಮಿ ಈಗಾಗಲೇ ಅಷ್ಟಕ್ಕಿಂತ ಹೆಚ್ಚು ಬಿಸಿಯಾಗಿದೆ. ವಿಜ್ಞಾನಿಗಳು ನಮ್ಮ ಹೊಗೆ ಸೇರದ ಭೂಮಿಯನ್ನೂ ಇಂದಿನ ಭೂಮಿಯನ್ನೂ ಕಂಪ್ಯೂಟರಿನಲ್ಲಿ ಮತ್ತೆಮತ್ತೆ ನಡೆಸಿ, ಅಂಥ ಮಳೆ ಎರಡರಲ್ಲಿ ಎಷ್ಟೆಷ್ಟು ಸಲ ಬೀಳುತ್ತದೆಂದು ಹೋಲಿಸುತ್ತಾರೆ. ಹಾಗಾಗಿ ಅವರ ಉತ್ತರ ಸಂಭವದ ಲೆಕ್ಕದಲ್ಲಿರುತ್ತದೆ.

ಉತ್ತರ 2 (ಗಂಗಾವತಿ):
ಉಪನ್ಯಾಸಕರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಮುಗಿಲಿನ ತಲೆಗೆ ಕಟ್ಟುವುದಕ್ಕೆ ನನ್ನ ಆಕ್ಷೇಪವಿದೆ. ಕಂಪ್ಲಿ ಸೇತುವೆ ಮುಳುಗಿದ ದಿನ ನಮ್ಮಲ್ಲಿ ಹನಿ ಮಳೆಯೂ ಇಲ್ಲದಿರಬಹುದು. ಮಲೆನಾಡಿನಲ್ಲಿ ಸುರಿದದ್ದು ಜಲಾಶಯ ತುಂಬಿಸಿ ನಮ್ಮತ್ತ ಬರುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲು ಸುಮಾರು 133 ಟಿಎಂಸಿ ಇದ್ದದ್ದು ಹೂಳಿನಿಂದ 105ರ ಆಸುಪಾಸಿಗೆ ಇಳಿದಿದೆ. ಅದು ಬೇಗ ತುಂಬುತ್ತದೆ, ನೀರನ್ನೂ ಬೇಗ ಬಿಡಬೇಕಾಗುತ್ತದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದದ್ದು ಸರಪಳಿ ತುಂಡಾಗಿ. ಇನ್ನು ಹಳ್ಳದ ಅಂಚನ್ನೂ ಬಿಡದೆ ಭತ್ತ ನಾಟಿ ಮಾಡಿದವರು ನಾವೇ.

ಉತ್ತರ 1ರವರು ಮತ್ತೆ:
ಅಣ್ಣಾ, ನಿಮ್ಮ ಆಕ್ಷೇಪ ನ್ಯಾಯವಾದದ್ದು. ಹೂಳು, ಒತ್ತುವರಿ ಇದ್ದಲ್ಲಿಯೇ ಹೆಚ್ಚಿದ ಮಳೆಯ ಪೆಟ್ಟು ಜೋರಾಗಿ ಬೀಳುತ್ತದೆ. ಪ್ರಶ್ನೆ ಕೇಳಿದವರಲ್ಲಿ ಒಂದು ವಿನಂತಿ: ಹೊಳೆಯ ಮಟ್ಟ ಅಳೆಯುವ ಕೇಂದ್ರಗಳು ಎಲ್ಲ ಊರುಗಳಲ್ಲೂ ಇಲ್ಲ. ನಿಮ್ಮೂರಿನಲ್ಲಿ ಅಂದಿನ ನೀರಿನ ಗುರುತು ಎಲ್ಲಾದರೂ ಉಳಿದಿದೆಯೇ?

ಪ್ರಶ್ನೆ ಕೇಳಿದವರು:
ಉಳಿದಿದೆ ಸರ್. ಹನುಮಪ್ಪನ ಗುಡಿಯ ಗೋಡೆಗೆ ಪ್ರತಿ ವರ್ಷ ಸುಣ್ಣ ಬಳಿಯುವವರು ಆ ಕೆಸರಿನ ಗೆರೆಯನ್ನು ಮಾತ್ರ ಬಿಟ್ಟೇ ಬಳಿಯುತ್ತಾರೆ. ಅದು ನನ್ನ ಎದೆಮಟ್ಟಕ್ಕಿದೆ. ನಾಳೆ ಟೇಪು ಹಿಡಿದು ಅಳೆದು, ಅದರ ಕೆಳಗಿರುವ ಇನ್ನೊಂದು ಗೆರೆ ಯಾವ ವರ್ಷದ್ದೆಂದು ಹಿರಿಯರನ್ನು ಕೇಳಿ ಇಲ್ಲಿಯೇ ಬರೆಯುತ್ತೇನೆ.